ಆಪ್ತ ಸಲಹೆ: ತೋಳು ಮುಚ್ಚಿಕೊಂಡ ಸಾಕ್ಷಿ

ಈ ವಾರ ಬಂದ ಒಂದು ಪತ್ರ ಬೇರೆ ಯಾವುದಕ್ಕೂ ಕೈ ಹಾಕಲು ಬಿಡಲಿಲ್ಲ. ಬರೆದವರು ಹೆಸರು, ಊರು ಬೇಡ ಎಂದಿದ್ದಾರೆ. ಮೂರು ತಲೆಮಾರಿನಿಂದ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯ ಮನೆತನ. ವಯಸ್ಸು 39, ಶಾಲಾ ಶಿಕ್ಷಕಿ. ಯಜಮಾನರ ಎರಡೂ ಕಿಡ್ನಿ ಕೈಕೊಟ್ಟು ನಾಲ್ಕು ವರ್ಷವಾಗಿದೆ. ಸೋಮವಾರ, ಬುಧವಾರ, ಶುಕ್ರವಾರ ಡಯಾಲಿಸಿಸ್, ಪ್ರತಿ ಸಲ ನಾಲ್ಕು ತಾಸು. ಈಚೆಗೆ ಪ್ರಾರ್ಥನೆಗೆ ಕೂತರೆ ಬಾಯಿಗೆ ಮಾತು ಬರುತ್ತಿಲ್ಲವಂತೆ, ಹಾಡು ಗಂಟಲಲ್ಲೇ ನಿಲ್ಲುತ್ತದಂತೆ. ಆರು ತಿಂಗಳಿಂದ ಕರ್ತನ ಭೋಜನವನ್ನೂ, ಅಂದರೆ ಯೇಸುವಿನ ನೆನಪಿಗೆ ಆರಾಧನೆಯಲ್ಲಿ ಕೊಡುವ ರೊಟ್ಟಿ, ದ್ರಾಕ್ಷಾರಸವನ್ನೂ ತೆಗೆದುಕೊಂಡಿಲ್ಲ. "ನನ್ನ ನಂಬಿಕೆ ಸತ್ತುಹೋಯಿತೇ? ಸತ್ತ ನಂಬಿಕೆ ಮತ್ತೆ ಬರುತ್ತದೆಯೇ?" ಎಂದು ಕೇಳಿದ್ದಾರೆ.

ಸಹೋದರಿ, ಪತ್ರದ ಎರಡು ಪುಟವನ್ನು ನಿಮ್ಮ ನಾದಿನಿಯ ಮಾತಿಗೇ ಮೀಸಲಿಟ್ಟಿದ್ದೀರಿ. "ಮನೆಯಲ್ಲಿ ಗುಪ್ತ ಪಾಪ ಇರಬೇಕು" ಎಂದು ಆಕೆ ಎಲ್ಲರೆದುರು ಅಂದದ್ದು ನಿಮಗೆ ಚುಚ್ಚಿದೆ, ಚುಚ್ಚಲೇಬೇಕು. ಆದರೆ ಆಕೆಯ ಮಾತಿಗೆ ಯೋಹಾನ 9ನೆಯ ಅಧ್ಯಾಯದ ಮೊದಲ ಮೂರು ವಚನ ಸಾಕು. ಹುಟ್ಟುಕುರುಡನನ್ನು ನೋಡಿ ಶಿಷ್ಯರು ಇದೇ ಪ್ರಶ್ನೆ ಕೇಳಿದರು: ಪಾಪ ಮಾಡಿದವರು ಯಾರು, ಇವನೋ, ಇವನ ತಂದೆತಾಯಿಯೋ? ಎರಡೂ ಅಲ್ಲ ಎಂದು ಯೇಸು ಅಲ್ಲಿಗೇ ನಿಲ್ಲಿಸಿದರು. ನಾದಿನಿಯ ವಿಷಯ ನಾನೂ ಅಲ್ಲಿಗೇ ಬಿಡುತ್ತೇನೆ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಮೂರನೆಯ ಪುಟದ ಕೊನೆಗೆ ನೀವು ಒಂದೇ ಸಾಲಿನಲ್ಲಿ ಬರೆದು ದಾಟಿಹೋದ ಸಂಗತಿ. ಮಾರ್ಚ್ ತಿಂಗಳಲ್ಲಿ, ರೋಗಿಗಳು ಗುಣವಾಗಲೆಂದು ಪ್ರಾರ್ಥಿಸುವ ಸ್ವಸ್ಥತಾ ಕೂಟದಲ್ಲಿ, ಕೂಟ ನಡೆಸುತ್ತಿದ್ದ ಬ್ರದರ್ ನಿಮ್ಮ ಕೈಗೆ ಮೈಕು ಕೊಟ್ಟು "ನಂಬಿಕೆಯಿಂದ ಅರಿಕೆ ಮಾಡಿ, ಬಾಯಿಂದ ಹೇಳಿದರೆ ಆಗುತ್ತದೆ" ಅಂದರು. ನನ್ನ ಗಂಡ ಗುಣವಾಗಿದ್ದಾರೆ ಎಂದು ನೀವು ಹೇಳಿದಿರಿ. ಸಭೆ ಆಮೆನ್ ಅಂದಿತು. ಆಮೇಲೆ ನಿಮ್ಮದೇ ಮಾತು: "ನಾನು ಸಾಕ್ಷಿ ಹೇಳುವಾಗ ಅವರು ಶರ್ಟಿನ ತೋಳು ಕೆಳಗೆಳೆದು ಗುಂಡಿ ಹಾಕಿಕೊಂಡರು."

ಆ ತೋಳಿನಲ್ಲಿ ಇರುವುದು ಫಿಸ್ಟುಲಾ. ಡಯಾಲಿಸಿಸ್ ಸೂಜಿ ಚುಚ್ಚಲೆಂದು ಶುದ್ಧರಕ್ತದ ನಾಳ, ಅಶುದ್ಧರಕ್ತದ ನಾಳ ಎರಡನ್ನೂ ಕೂಡಿಸಿ ಹೊಲಿದ ಜಾಗ. ಹಗ್ಗದಂತೆ ಉಬ್ಬಿರುತ್ತದೆ, ಬೆರಳಿಟ್ಟರೆ ಒಳಗೆ ಝುಂ ಅನ್ನುವುದು ತಿಳಿಯುತ್ತದೆ. ಆ ಝುಂ ನಿಂತರೆ ಫಿಸ್ಟುಲಾ ಮುಚ್ಚಿಕೊಂಡಿತೆಂದೇ ಲೆಕ್ಕ. ಅದಕ್ಕೇ ಆ ಕೈಗೆ ಬಿಗಿ ತೋಳು ಬೇಡ, ಬಿಪಿ ಪಟ್ಟಿ ಬೇಡ, ಭಾರ ಬೇಡ ಎಂದು ಆಸ್ಪತ್ರೆಯವರು ಹೇಳಿರುತ್ತಾರೆ. ಅವರ ಜೀವ ಉಳಿಸುತ್ತಿರುವ ದಾರಿ ಅದು. ನಿಮ್ಮ ಮಾತು ಸುಳ್ಳಾಗಬಾರದೆಂದು ಅವರು ಅದನ್ನು ಮುಚ್ಚಿಕೊಂಡರು.

ಮುಂದಿನ ಸೋಮವಾರ, ಬುಧವಾರ ಡಯಾಲಿಸಿಸ್‌ಗೆ ಹೋಗಲಿಲ್ಲ. ಗುಣವಾಗಿದ್ದಾರೆ ಎಂದ ಮೇಲೆ ಹೋಗುವುದು ಹೇಗೆ? ಗುರುವಾರ ರಾತ್ರಿ ಮಲಗಲಾಗದೆ, ದಿಂಬಿಗೊರಗಿ ಕೂತು ಉಸಿರಿಗೆ ಒದ್ದಾಡಿದರು. ಮೂತ್ರ ಆಗದ ದೇಹದಲ್ಲಿ ಆರು ದಿನ ಕುಡಿದ ನೀರು ಶ್ವಾಸಕೋಶಕ್ಕೆ ಇಳಿಯುತ್ತದೆ. ಅದಕ್ಕಿಂತ ಭಯದ್ದು ಪೊಟ್ಯಾಸಿಯಂ: ಅದು ಏರಿದರೆ ಮುನ್ಸೂಚನೆ ಇಲ್ಲದೆ ಹೃದಯ ನಿಲ್ಲಬಹುದು. ಕೂಟದ ಉಪವಾಸ ಬಿಡುವಾಗ ಅವರಿಗೆ ಎಳನೀರು, ಬಾಳೆಹಣ್ಣು ಕೊಟ್ಟೆವು ಎಂದೂ ಬರೆದಿದ್ದೀರಿ. ಎರಡರಲ್ಲೂ ಪೊಟ್ಯಾಸಿಯಂ ತುಂಬಿದೆ. ಇನ್ನು ಮುಂದೆ ಯಾರು ಏನೇ ಹೇಳಲಿ, ಒಂದೇ ಒಂದು ಡಯಾಲಿಸಿಸ್ ಕೂಡ ತಪ್ಪಬಾರದು. ಡಯಾಲಿಸಿಸ್ ಮಾಡಿಸುವವರಿಗೆ ಉಪವಾಸವೂ ಬೇಡ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ನಾಲ್ಕು ವರ್ಷ ಪ್ರಾರ್ಥಿಸಿದಿರಿ. ಅಳುತ್ತ, ಬೇಡುತ್ತ, ಒಮ್ಮೊಮ್ಮೆ ದೇವರ ಮೇಲೆ ಸಿಟ್ಟಾಗುತ್ತ ಪ್ರಾರ್ಥಿಸಿದಿರಿ. ಆಗ ಬಾಯಿ ಕಟ್ಟಿರಲಿಲ್ಲ. ನಿಮ್ಮ ತಾರೀಕುಗಳನ್ನೇ ಸಾಲಾಗಿ ಇಟ್ಟು ನೋಡಿದೆ: ಬಾಯಿ ಕಟ್ಟಿದ್ದು ಆ ಮಾರ್ಚ್ ತಿಂಗಳಿಂದೀಚೆಗೆ. ನಿಮ್ಮ ಬಾಯಿ ಕಟ್ಟಿದ್ದು ಸಂದೇಹವಲ್ಲ. ಗುಣವಾಗಿದ್ದಾರೆ ಎಂದು ಹೇಳಿದವರು "ಕರ್ತನೇ, ಗುಣಮಾಡು" ಎಂದು ಬೇಡುವುದು ಹೇಗೆ? ನೀವೇ ಹೇಳಿದ ಸಾಕ್ಷಿ ನಿಮ್ಮ ಪ್ರಾರ್ಥನೆಯ ದಾರಿಗೆ ಅಡ್ಡ ಬಿದ್ದಿದೆ.

ಸಾಕ್ಷಿ ಎಂದರೆ ಕಂಡದ್ದನ್ನು ಹೇಳುವುದು. ಇದನ್ನು ಈ ಅಂಕಣದಲ್ಲಿ ಎಷ್ಟು ಸಲ ಬರೆದರೂ ಸಾಲದು. ಮಾರ್ಕ 1ನೆಯ ಅಧ್ಯಾಯದ ಕುಷ್ಠರೋಗಿಯನ್ನು ನೋಡಿ. ಯೇಸು ಅವನನ್ನು ನಿಜವಾಗಿಯೂ ಶುದ್ಧಮಾಡಿದ್ದರು. ಆದರೂ ಯಾರಿಗೂ ಹೇಳಬೇಡ, ಮೊದಲು ಹೋಗಿ ಯಾಜಕನಿಗೆ ತೋರಿಸಿಕೋ, ಅದೇ ಅವರಿಗೆ ಸಾಕ್ಷಿ ಎಂದರು. ಆ ತಪಾಸಣೆ ಹೇಗಿರಬೇಕೆಂದು ಯಾಜಕಕಾಂಡ 14ರಲ್ಲಿದೆ. ಯಾಜಕ ಪಾಳೆಯದ ಹೊರಗೆ ಬಂದು ಮೈ ಪರೀಕ್ಷಿಸಬೇಕು, ಆಮೇಲೆ ಏಳು ದಿನ ಆ ಮನುಷ್ಯ ತನ್ನ ಗುಡಾರದ ಹೊರಗೇ ಇರಬೇಕು, ಕಾಣಿಕೆ ಎಂಟನೆಯ ದಿನ. ಮೊದಲು ಪರೀಕ್ಷೆ, ಸಾಕ್ಷಿ ಆಮೇಲೆ. ಇವತ್ತಿನ ಲೆಕ್ಕದಲ್ಲಿ ಮೊದಲು ಕಿಡ್ನಿಯ ಕೆಲಸ ಅಳೆಯುವ ಕ್ರಿಯಾಟಿನಿನ್ ರಕ್ತಪರೀಕ್ಷೆಯ ವರದಿ, ಕಿಡ್ನಿ ವೈದ್ಯರ ಮಾತು, ಮೈಕು ಆಮೇಲೆ. ಆ ಬ್ರದರ್ ಈ ಕ್ರಮವನ್ನು ತಲೆಕೆಳಗು ಮಾಡಿದರು. ರೋಗಿಯ ಹೆಂಡತಿಯ ಬಾಯಿಂದ ಆಗದ್ದನ್ನು ಆಯಿತೆಂದು ಹೇಳಿಸಿದ ಈ ತಪ್ಪಿನ ದೊಡ್ಡ ಪಾಲು ಅವರದು. ಡಯಾಲಿಸಿಸ್ ತಪ್ಪಿದ ಆ ವಾರ ಅವರು ಒಂದು ಫೋನು ಕೂಡ ಮಾಡಲಿಲ್ಲ ಎಂದು ನೀವೇ ಬರೆದಿದ್ದೀರಿ.

ದೇವರ ಮಾನ ಕಾಯಲು ಹೀಗೆ ಹೇಳಬೇಕಾಯಿತು ಎನ್ನುತ್ತೀರಿ. ಸತ್ಯವೇದದಲ್ಲಿ ಎಲ್ಲವನ್ನೂ ಕಳೆದುಕೊಂಡು ನರಳಿದ ಯೋಬನ ಸ್ನೇಹಿತರೂ ದೇವರ ಮಾನ ಕಾಯಲೆಂದೇ ಮಾತಾಡಿದ್ದು. ಮೊದಲ ಏಳು ದಿನ ಅವರು ನೆಲದ ಮೇಲೆ ಅವನ ಜೊತೆ ಸುಮ್ಮನೆ ಕೂತಿದ್ದರು, ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಬಾಯಿ ತೆರೆದ ಮೇಲೆ ಕೆಟ್ಟಿತು. ದೇವರ ಪರವಾಗಿ ಸುಳ್ಳು ಹೇಳುತ್ತೀರಾ ಎಂದು ಯೋಬ 13:7ರಲ್ಲಿ ಅವರನ್ನು ನೇರವಾಗಿ ಕೇಳುತ್ತಾನೆ. ಕೊನೆಯ ಅಧ್ಯಾಯದಲ್ಲಿ ದೇವರು ಸಿಟ್ಟಾದದ್ದು ಆ ಸ್ನೇಹಿತರ ಮೇಲೆ. ನನ್ನ ವಿಷಯವಾಗಿ ಸರಿಯಾಗಿ ಮಾತಾಡಿದವನು ಯೋಬ ಎಂದರು. ಅಷ್ಟು ಅಧ್ಯಾಯ ದೇವರ ಜೊತೆ ಜಗಳವಾಡಿದವನ ಬಗ್ಗೆ ಆ ಮಾತು!

ನಿಮಗೆ ನಾನು ಹೇಳುವುದು ಒಂದೇ ಕೆಲಸ. ಆ ಸಾಕ್ಷಿಯನ್ನು ತಿದ್ದಿ.

ಹೇಗೆಂದರೆ, ಈ ಗುರುವಾರದೊಳಗೆ ಯಜಮಾನರನ್ನು ಜೊತೆಗೆ ಕರೆದುಕೊಂಡು ನಿಮ್ಮ ಸಭಾಪಾಲಕರ ಮನೆಗೆ ಹೋಗಿ. ಭಾನುವಾರದ ಆರಾಧನೆಯಲ್ಲಿ ಮಧ್ಯಸ್ಥಿಕೆ ಪ್ರಾರ್ಥನೆಗೆ (ಇತರರಿಗಾಗಿ ಬೇಡುವ ಪ್ರಾರ್ಥನೆಗೆ) ಮುಂಚೆ ಎರಡು ನಿಮಿಷ ಕೇಳಿ. ಹೇಳುವುದನ್ನು ಕಾಗದದ ಮೇಲೆ ಬರೆದುಕೊಳ್ಳಿ, ನಾಲ್ಕು ವಾಕ್ಯ ಸಾಕು: "ಮಾರ್ಚ್ ತಿಂಗಳ ಕೂಟದಲ್ಲಿ ನನ್ನ ಯಜಮಾನರು ಗುಣವಾಗಿದ್ದಾರೆ ಎಂದು ನಾನು ಹೇಳಿದೆ. ಅವರು ಗುಣವಾಗಿಲ್ಲ, ವಾರಕ್ಕೆ ಮೂರು ಸಲ ಡಯಾಲಿಸಿಸ್ ನಡೆದಿದೆ. ನನ್ನ ಮಾತು ನಂಬಿ ಯಾರಾದರೂ ಔಷಧಿ ಬಿಟ್ಟಿದ್ದರೆ ಇವತ್ತೇ ವೈದ್ಯರ ಹತ್ತಿರ ಹೋಗಿ. ನಮಗಾಗಿ ಪ್ರಾರ್ಥಿಸಿ."

ಮೂರನೆಯ ವಾಕ್ಯವನ್ನು ಬಿಡಬೇಡಿ. ಅವತ್ತು ಕೇಳಿದವರಲ್ಲಿ ಸಕ್ಕರೆ ಕಾಯಿಲೆಯವರು, ಮೂರ್ಛೆರೋಗದವರು ಎಷ್ಟು ಮಂದಿ ಇದ್ದರೋ. ಐದನೆಯ ವಾಕ್ಯ ಸೇರಿಸಬೇಡಿ. ಬ್ರದರ್ ಹೆಸರು ಎತ್ತಬೇಡಿ, ಕ್ಷಮೆ ಕೇಳುತ್ತ ಅಳುತ್ತ ನಿಲ್ಲಬೇಡಿ. ದನಿ ನಡುಗಿದರೆ ಕಾಗದವನ್ನು ಯಜಮಾನರ ಕೈಗೆ ಕೊಡಿ, ಅವರು ಓದಲಿ. ಸಭಾಪಾಲಕರು ಆರಾಧನೆಯಲ್ಲಿ ಬೇಡ ಎಂದರೆ ಸ್ತ್ರೀಯರ ಕೂಟದಲ್ಲಿ ಓದಿ. ಆ ದಿನದ ವಿಡಿಯೊ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಇನ್ನೂ ಓಡಾಡುತ್ತಿದೆ ಎಂದಿದ್ದೀರಿ. ಅದನ್ನು ತೆಗೆಯಿರಿ ಎಂದು ಕೂಟದವರಿಗೆ ಬರೆದು ಕಳಿಸಿ, ಅದು ಬಂದ ಗುಂಪಿಗೂ ಇದೇ ನಾಲ್ಕು ವಾಕ್ಯ ಹಾಕಿ.

"ಬಾಯಿಂದ ಹಾಗೆಲ್ಲ ಹೇಳಬಾರದು, ಅದು ಅಪನಂಬಿಕೆ" ಎಂದು ಯಾರಾದರೂ ಬಂದೇ ಬರುತ್ತಾರೆ. ಅವರಿಗೆ 2 ತಿಮೊಥೆಯ 4:20 ತೋರಿಸಿ. ತ್ರೊಫಿಮ ಅಸ್ವಸ್ಥನಾಗಿದ್ದ, ಅವನನ್ನು ಮಿಲೇತ ಪಟ್ಟಣದಲ್ಲಿ ಬಿಟ್ಟು ಬಂದೆ ಎಂದು ಅಪೊಸ್ತಲ ಪೌಲ ಬರೆದಿದ್ದಾನೆ. ಎಷ್ಟೋ ಜನರನ್ನು ಗುಣಪಡಿಸಿದ ಪೌಲ, ಜೊತೆಗಾರನ ಕಾಯಿಲೆಯನ್ನು ಕಾಯಿಲೆ ಎಂದೇ ಬರೆದ. ತನ್ನ ಶರೀರದ ಮುಳ್ಳಿಗಾಗಿ ಮೂರು ಸಲ ಬೇಡಿದ, ಮುಳ್ಳು ಹೋಗಲಿಲ್ಲ, ಅದನ್ನೂ ಬರೆದ. ಅವನ ಜೊತೆ ಪ್ರಯಾಣ ಮಾಡಿದ ಲೂಕ ವೈದ್ಯ.

ಕರ್ತನ ಭೋಜನದ ವಿಷಯ. ಸಂದೇಹದಲ್ಲಿ ತೆಗೆದುಕೊಂಡರೆ ಶಿಕ್ಷೆ ಎಂದು ಹೆದರಿದ್ದೀರಿ, ಅದಕ್ಕೆ 1 ಕೊರಿಂಥ 11 ಆಧಾರ ಎಂದಿದ್ದೀರಿ. ಆ ಅಧ್ಯಾಯವನ್ನು 17ನೆಯ ವಚನದಿಂದ ಓದಿ. ಪೌಲ ಅಲ್ಲಿ ಗದರಿಸಿದ್ದು ಮೊದಲೇ ಬಂದು ಉಂಡು, ಕುಡಿದು, ಇಲ್ಲದವರನ್ನು ಹಸಿದಿರುವಂತೆ ಮಾಡಿ ನಾಚಿಸಿದವರನ್ನು. ಸಂದೇಹದಲ್ಲಿ ಕುಗ್ಗಿದವರ ಮಾತೇ ಅಲ್ಲಿಲ್ಲ. ಸಂದೇಹಪಡುವವರಿಗೆ ಕರುಣೆ ತೋರಿಸಿ ಎಂದು ಯೂದನ ಚಿಕ್ಕ ಪತ್ರದ 22ನೆಯ ವಚನ ಹೇಳುತ್ತದೆ. ಯೇಸು ಮತ್ತೆ ಜೀವಂತವಾಗಿ ಎದ್ದದ್ದನ್ನು ನಂಬುವುದಿಲ್ಲ ಎಂದು ಶಿಷ್ಯ ತೋಮ ಹೇಳಿದ ಮೇಲೂ ಎಂಟು ದಿನ ಕಳೆದು ಅದೇ ಮನೆಯಲ್ಲಿ, ಅದೇ ಶಿಷ್ಯರ ಜೊತೆ ಇದ್ದ, ಯಾರೂ ಅವನನ್ನು ಹೊರಗೆ ಹಾಕಲಿಲ್ಲ. ಸಾಕ್ಷಿ ತಿದ್ದಿದ ದಿನವೋ ಅದರ ಮುಂದಿನ ಸಲವೋ, ಎದ್ದು ಹೋಗಿ ಕೈ ಚಾಚಿ. ಏನೂ ಅನ್ನಿಸದಿದ್ದರೂ ತೆಗೆದುಕೊಳ್ಳಿ.

ಪ್ರಾರ್ಥನೆಗೆ ಸ್ವಂತ ಮಾತು ಬರುವವರೆಗೆ ಕೀರ್ತನೆಗಳ ಮಾತನ್ನು ಎರವಲು ತೆಗೆದುಕೊಳ್ಳಿ. 13ನೆಯ ಕೀರ್ತನೆ ಆರೇ ವಚನ. ಮೊದಲೆರಡರಲ್ಲಿ "ಇನ್ನೆಷ್ಟು ಕಾಲ" ಎಂಬ ದೂರು ನಾಲ್ಕು ಸಲ ಬರುತ್ತದೆ. ಮೂರು, ನಾಲ್ಕು ಬೇಡಿಕೆ. ಐದು, ಆರು ಭರವಸೆ. ನಾಲ್ಕಕ್ಕೂ ಐದಕ್ಕೂ ನಡುವೆ ಒಂದು ರಾತ್ರಿ ಕಳೆಯಿತೋ ಹತ್ತು ವರ್ಷ ಕಳೆಯಿತೋ, ಹೇಳಿಲ್ಲ. ನೀವು ಈಗ ಆ ನಡುವಿನಲ್ಲಿದ್ದೀರಿ. ನಾಲ್ಕನೆಯ ವಚನದವರೆಗೆ ಮಾತ್ರ ನಿಜವಾಗಿ ಹೇಳಲಾದರೆ ಅಲ್ಲಿಗೇ ನಿಲ್ಲಿಸಿ ಆಮೆನ್ ಅನ್ನಿ. ಅದೂ ಆಗದ ದಿನ 88ನೆಯ ಕೀರ್ತನೆ. ಅದು ಕತ್ತಲಿನಲ್ಲೇ ಮುಗಿಯುತ್ತದೆ, ಕೊನೆಗೆ ಸ್ತುತಿಯ ಸಾಲೇ ಇಲ್ಲ, ಆದರೂ ಅದು ಸತ್ಯವೇದದಲ್ಲಿದೆ. ಡಯಾಲಿಸಿಸ್‌ನ ನಾಲ್ಕು ತಾಸಿನಲ್ಲಿ ಯಂತ್ರ ಹಚ್ಚಿದ ಮೇಲೆ ಮೊದಲ ಹತ್ತು ನಿಮಿಷ, ಪಕ್ಕದ ಹಾಸಿಗೆಯವರಿಗೆ ತೊಂದರೆಯಾಗದಷ್ಟು ಮೆಲ್ಲಗೆ, ತುಟಿಯಾಡಿಸಿ ಓದಿ. ಯೇಸು ತಮ್ಮನ್ನು ಹಿಡಿದ ರಾತ್ರಿ ಗೆತ್ಸೇಮನೆಯಲ್ಲಿ ಮೂರನೆಯ ಸಲವೂ ಅದೇ ಮಾತುಗಳನ್ನೇ ಹೇಳಿ ಪ್ರಾರ್ಥಿಸಿದರು ಎಂದು ಮತ್ತಾಯ ಬರೆದಿದ್ದಾನೆ. ಹೊಸ ಮಾತು ಹುಡುಕಬೇಕಿಲ್ಲ.

ನೀವು ಸೇರುತ್ತಿರುವ ಬೆಳಗಿನ ಜಾವ ನಾಲ್ಕೂವರೆಯ ಫೋನ್ ಪ್ರಾರ್ಥನೆಯನ್ನು ಬಿಡಿ. ಆಸ್ಪತ್ರೆ, ಶಾಲೆ, ಅಡುಗೆ ಮುಗಿಸಿ ಹನ್ನೊಂದಕ್ಕೆ ಮಲಗುವವರಿಗೆ ಅದು ತಡೆಯುವುದಿಲ್ಲ. ಪ್ರವಾದಿ ಎಲೀಯ ಸಾಯಬೇಕು ಎಂದು ಗಿಡದ ಕೆಳಗೆ ಬಿದ್ದುಕೊಂಡಾಗ ದೂತ ಅವನಿಗೆ ಉಪದೇಶ ಮಾಡಲಿಲ್ಲ. ಎಬ್ಬಿಸಿ ರೊಟ್ಟಿ, ನೀರು ಕೊಟ್ಟ, ಅವನು ಮತ್ತೆ ಮಲಗಿದ, ಮತ್ತೆ ಎಬ್ಬಿಸಿ ತಿನ್ನಿಸಿದ. ದೇವರು ಮಾತಾಡಿದ್ದು ಅದಾದ ನಲವತ್ತು ದಿನಕ್ಕೆ, ಹೋರೇಬ್ ಬೆಟ್ಟದಲ್ಲಿ.

ಇನ್ನೊಂದು ಮಾತು. ಕಸಿಗಾಗಿ ಕಿಡ್ನಿಗೆ ಹೆಸರು ಬರೆಸುವುದು ಅಪನಂಬಿಕೆ ಎಂದು ಕೂಟದವರು ಹೇಳಿದ್ದಕ್ಕೆ ಇನ್ನೂ ಬರೆಸಿಲ್ಲವಂತೆ. ಬರೆಸಿ. ನಮ್ಮ ರಾಜ್ಯದಲ್ಲಿ ಮೃತದಾನಿಗಳ ಅಂಗ ಹಂಚುವುದು ಜೀವಸಾರ್ಥಕತೆ ಎಂಬ ಸಂಸ್ಥೆ, ನೋಂದಣಿ ಆಗುವುದು ಕಸಿ ಮಾಡುವ ಆಸ್ಪತ್ರೆಯ ಮೂಲಕ. ನಿಮ್ಮ ರಕ್ತದ ಗುಂಪು ಹೊಂದುವುದಿಲ್ಲ ಎಂದಿದ್ದೀರಿ. ಇದೇ ತೊಡಕಿರುವ ಇನ್ನೊಂದು ಕುಟುಂಬದ ಜೊತೆ ಅದಲುಬದಲು ದಾನಕ್ಕೆ ಕಾನೂನಿನಲ್ಲಿ ಅವಕಾಶವಿದೆ, ಕಸಿ ಸಂಯೋಜಕರನ್ನು ಆ ಮಾತು ಎತ್ತಿ ಕೇಳಿ. ಹೆಸರು ಬರೆಸಿ ಕಾಯುವುದೂ ದೇವರಿಗಾಗಿ ಕಾಯುವುದೇ.

ತಿದ್ದಿದ ಕೂಡಲೇ ಹಾಡು ಬಾಯಿಗೆ ಬರುತ್ತದೆ ಎಂದು ಮಾತು ಕೊಡಲಾರೆ, ಅವರು ಗುಣವಾಗುತ್ತಾರೆ ಎಂದೂ ಹೇಳಲಾರೆ. ಆದರೆ ಮತ್ತೆ ಬೇಡಿಕೊಳ್ಳಲು ದಾರಿ ತೆರೆಯುತ್ತದೆ. ಭಾನುವಾರ ನಿಮ್ಮ ಯಜಮಾನರು ಅರ್ಧ ತೋಳಿನ ಶರ್ಟು ಹಾಕಿಕೊಂಡು ಬಂದು ನಿಮ್ಮ ಪಕ್ಕದಲ್ಲಿ ನಿಲ್ಲಲಿ.