ಐದು ನಾಯಕಿಯರ ಪಟ್ಟಿ ಬಿಡಿ, ಒಂದು ಅರ್ಜಿ ಹಿಡಿಯಿರಿ

ಭಾಷಣಕ್ಕೆ ಮಹಿಳಾ ಹಕ್ಕುಗಳ ಹೋರಾಟದ ಐದು ದೊಡ್ಡ ನಾಯಕಿಯರ ಹೆಸರು ಬೇಕು ಅಂತ ಕೇಳಿದ್ದೀರಿ. ಡಿಗ್ರಿ ಎರಡನೇ ವರ್ಷದಲ್ಲಿ ನಾನು ಹುಡುಕಿದ್ದೂ ಇದನ್ನೇ.

ಪಟ್ಟಿ ಸಿಕ್ಕಿತು. ಒಂದು ಕಡೆ ಹೆಸರುಗಳು, ಇನ್ನೊಂದು ಕಡೆ ಇಸವಿಗಳು. ಎಲ್ಲಾ ಬಾಯಿಪಾಠ ಮಾಡಿದೆ. ಸ್ಪರ್ಧೆಯ ದಿನ ಮೈಕಿನ ಮುಂದೆ ನಿಂತು, 1848ರಲ್ಲಿ ಅಮೆರಿಕದ ಸೆನೆಕಾ ಫಾಲ್ಸ್ ಸಮಾವೇಶದಲ್ಲಿ ಸೂಸನ್ ಬಿ. ಆಂಟನಿ ಎದ್ದು ನಿಂತು ಹೆಂಗಸರಿಗೆ ಮತದ ಹಕ್ಕು ಕೇಳಿದರು ಅಂತ ಜೋರಾಗಿ ಹೇಳಿದೆ. ಚಪ್ಪಾಳೆಯೂ ಬಿತ್ತು. ಆಮೇಲೆ ತೀರ್ಪುಗಾರರಲ್ಲಿ ಒಬ್ಬರು ಮೇಡಂ ಕೇಳಿದರು, "ಆಂಟನಿ ಅವತ್ತು ಅಲ್ಲಿದ್ದರೇನಮ್ಮ?"

ಇರಲಿಲ್ಲ. ಆಗ ಅವರು ಬೇರೆ ಊರಲ್ಲಿ ಟೀಚರ್ ಆಗಿದ್ದರು. ಮತದ ಹಕ್ಕಿನ ನಿರ್ಣಯ ತಂದವರು ಎಲಿಜಬೆತ್ ಕೇಡಿ ಸ್ಟಾಂಟನ್. ಅದರ ಪರವಾಗಿ ಗಟ್ಟಿಯಾಗಿ ಮಾತಾಡಿದವರು ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದಿದ್ದ ಫ್ರೆಡರಿಕ್ ಡಗ್ಲಾಸ್. ಎರಡು ವಾರದ ನಂತರ ರೋಚೆಸ್ಟರ್‌ನಲ್ಲಿ ಇನ್ನೊಂದು ಸಭೆ ಆಯಿತು. ಅಲ್ಲಿಗೆ ಆಂಟನಿಯವರ ಅಪ್ಪ, ಅಮ್ಮ, ತಂಗಿ ಹೋಗಿ ಹೆಂಗಸರ ಹಕ್ಕುಗಳ ಘೋಷಣೆಗೆ ಸಹಿ ಹಾಕಿದ್ದರು. ಆಂಟನಿ ಸ್ಟಾಂಟನ್‌ರನ್ನು ಭೇಟಿಯಾಗಿದ್ದೇ 1851ರಲ್ಲಿ.

ಮೊದಲ ಬಹುಮಾನ ಕೈತಪ್ಪಿತು. ತಪ್ಪು ಎಲ್ಲಾಯಿತು ಅಂತ ಬಿಡಿಸಿ ಹೇಳಬೇಕು. ಪಟ್ಟಿಯಲ್ಲಿ ಸುಳ್ಳಿರಲಿಲ್ಲ. ಆಂಟನಿ ಹೆಸರೂ ಸರಿ, 1848ರ ಇಸವಿಯೂ ಸರಿ. ಎರಡನ್ನೂ ಸೇರಿಸಿ ಹೊಲಿದವಳು ನಾನು. ಇಷ್ಟು ದೊಡ್ಡ ಹೆಸರು ಅಂದಮೇಲೆ ಮೊದಲ ದಿನದಿಂದಲೇ ಇದ್ದಿರಬೇಕು ಅಲ್ವಾ ಅಂತ ಅಂದುಕೊಂಡೆ. ಹಾಗೆ ಅಂದುಕೊಂಡ ಮೇಲೆ ನೋಡಬೇಕು ಅಂತಲೇ ಅನಿಸಲಿಲ್ಲ. ಸೆನೆಕಾ ಫಾಲ್ಸ್ ಸಮಾವೇಶದಲ್ಲಿ ಘೋಷಣೆಗೆ ಸಹಿ ಹಾಕಿದವರು ಬರೀ 100 ಜನ, 68 ಹೆಂಗಸರು, 32 ಗಂಡಸರು. ಆ ಹೆಸರುಗಳ ಮೇಲೆ ಒಮ್ಮೆ ಕಣ್ಣಾಡಿಸಿದ್ದರೂ ಗೊತ್ತಾಗುತ್ತಿತ್ತು.

ಅದಕ್ಕೇ ಹೇಳುತ್ತೇನೆ, ಐದು ಹೆಸರು ಬೇಡವೇ ಬೇಡ. ಯಾರು ಜಾಸ್ತಿ ದೊಡ್ಡವರು ಅನ್ನುವ ಪ್ರಶ್ನೆಯೇ ನನಗೆ ಸರಿ ಕಾಣುವುದಿಲ್ಲ. ಹೆಂಗಸರಿಗೆ ಮತದ ಹಕ್ಕು ಕೇಳಿದ 1893ರ ನ್ಯೂಜಿಲೆಂಡ್ ಅರ್ಜಿಯೊಂದನ್ನೇ ಹಿಡಿಯಿರಿ. ಕೇಟ್ ಶೆಪರ್ಡ್ ಮತ್ತು ಅವರ ಜೊತೆಯವರು ದೇಶದ ಮೂಲೆ ಮೂಲೆಯಿಂದ ಬಂದ ಸಹಿಯ ಹಾಳೆಗಳನ್ನು ಒಂದಕ್ಕೊಂದು ಅಂಟಿಸಿ, ಪೊರಕೆ ಹಿಡಿಯ ತುಂಡಿಗೆ ಸುತ್ತಿದರು. ಸಂಸತ್ತಿನಲ್ಲಿ ಅದನ್ನು ನೆಲದ ಮೇಲೆ ಬಿಚ್ಚಿ ಉರುಳಿಸಿದಾಗ ಆ ಸುರುಳಿ ಎದುರು ಗೋಡೆಗೆ ಹೋಗಿ ಧಡ್ ಅಂತ ಬಡಿಯಿತು. ಬೇರೆ ಅರ್ಜಿಗಳೂ ಸೇರಿ ಸುಮಾರು 32,000 ಸಹಿ. ಅದೇ ವರ್ಷ ಸೆಪ್ಟೆಂಬರ್ 19ಕ್ಕೆ ಆ ಹಕ್ಕು ಕೊಡುವ ಕಾನೂನು ಬಂತು. ಆ ಸಹಿಗಳಲ್ಲಿ ಹೆಚ್ಚಿನವು ಯಾವ ನಾಯಕಿಯರ ಪಟ್ಟಿಯಲ್ಲೂ ಇಲ್ಲದ ಹೆಂಗಸರದ್ದು. ನಿಮ್ಮ ಭಾಷಣ ಆ ಪೊರಕೆ ಹಿಡಿಯಿಂದಲೇ ಶುರುವಾಗಲಿ.

ಆಂಟನಿ ಬೇಕೇ ಬೇಕು ಅಂದರೆ 1872ರ ಕಥೆ ಹೇಳಿ. ಹಕ್ಕಿಲ್ಲದಿದ್ದರೂ ರೋಚೆಸ್ಟರ್‌ನಲ್ಲಿ ಹೋಗಿ ಮತ ಹಾಕಿದರು. ಬಂಧನವಾಯಿತು, ವಿಚಾರಣೆಯಾಯಿತು, 100 ಡಾಲರ್ ದಂಡ ಬಿತ್ತು. ಕಟ್ಟುವುದಿಲ್ಲ ಅಂದರು. ಕೊನೆಯವರೆಗೂ ಕಟ್ಟಲಿಲ್ಲ.