ಸಂಡರ್‌ಲ್ಯಾಂಡಿಗೆ ಬಂದ ಕಾರು ದಾವಣಗೆರೆಗೇಕೆ ಬರಲಿಲ್ಲ?

ದಾವಣಗೆರೆಯ ಓದುಗರೊಬ್ಬರು ಬರೆದಿದ್ದಾರೆ: ‘ಇಂಗ್ಲೆಂಡಿನ ಸಂಡರ್‌ಲ್ಯಾಂಡಿನಲ್ಲಿ ಹಡಗು ಕಟ್ಟುವ ಕಾರ್ಖಾನೆಗಳು ಮುಚ್ಚಿದ ಮೇಲೆ ಜಪಾನಿನ ನಿಸ್ಸಾನ್ ಬಂದು ಊರನ್ನು ಉಳಿಸಿತಂತೆ. ನಮ್ಮೂರಿನ ಹತ್ತಿ ಗಿರಣಿಗಳು ಮುಚ್ಚಿದಾಗ ಯಾರೂ ಬರಲಿಲ್ಲ. ಅವರ ಮೇಲೆ ಮಾತ್ರ ಏಕೆ ಈ ಕರುಣೆ?’

ಉತ್ತರ: ಕರುಣೆಯಿಂದ ಯಾರೂ ಕಾರ್ಖಾನೆ ಕಟ್ಟುವುದಿಲ್ಲ ಸ್ವಾಮಿ. ನಿಸ್ಸಾನ್ ಕಣ್ಣಿಟ್ಟಿದ್ದು ಯುರೋಪಿನ ಮಾರುಕಟ್ಟೆಯ ಮೇಲೆ. ಬ್ರಿಟನ್ನಿನಲ್ಲಿ ಜಪಾನಿನ ಕಾರುಗಳ ಪಾಲು ಸುಮಾರು ಶೇ 11 ದಾಟಬಾರದೆಂಬ ಒಪ್ಪಂದವಿತ್ತು. ಫ್ರಾನ್ಸ್ ಶೇ 3ರಷ್ಟಕ್ಕೇ ಬಾಗಿಲು ಹಾಕಿತ್ತು. ಬೇಲಿಯ ಒಳಗೇ ಕಾರು ಮಾಡಿದರೆ ಈ ಕಾಟವಿಲ್ಲ. ಅದೂ ಅಷ್ಟು ಸಲೀಸಾಗಲಿಲ್ಲವೆನ್ನಿ; ಸಂಡರ್‌ಲ್ಯಾಂಡಿನ ಬ್ಲೂಬರ್ಡ್ ಕಾರನ್ನು ಕೂಡ ಜಪಾನಿನದೆಂದೇ ಎಣಿಸಬೇಕೆಂದು 1988ರಲ್ಲಿ ಫ್ರಾನ್ಸ್ ತಕರಾರು ತೆಗೆಯಿತು.

ಬೇಲಿಯೊಳಗೆ ಜಾಗ ಬೇಕಾದಷ್ಟಿತ್ತು. ಸಂಡರ್‌ಲ್ಯಾಂಡನ್ನೇ ಆರಿಸಿದ್ದು ಅಲ್ಲಿ ಸಿಕ್ಕ ಚೌಕಾಶಿಗಾಗಿ. ನಿರುದ್ಯೋಗದ ಪ್ರದೇಶವೆಂದು ಗುರುತಿಸಿದ್ದರಿಂದ ಹೂಡಿದ ಬಂಡವಾಳದ ಶೇ 22ರಷ್ಟು ಸರ್ಕಾರಿ ಸಹಾಯಧನ, ಅದರ ಮೇಲೆ ಇನ್ನಷ್ಟು ನೆರವು. ಹಳೆಯ ವಿಮಾನ ನಿಲ್ದಾಣದ ಸಮತಟ್ಟು ನೆಲ ಸಿಕ್ಕಿದ್ದು ಹೊಲದ ಬೆಲೆಗೆ. ಕಾರು ಹಡಗಿಗೇರಿಸಲು ಟೈನ್ ನದಿಯ ಬಂದರು ಪಕ್ಕದಲ್ಲೇ.

ಎಲ್ಲಕ್ಕಿಂತ ದೊಡ್ಡ ಗಳಿಕೆ 1985ರ ಒಪ್ಪಂದ: ಇಡೀ ಕಾರ್ಖಾನೆಗೆ ಒಂದೇ ಕಾರ್ಮಿಕ ಸಂಘ. ಬ್ರಿಟನ್ನಿನ ಹಳೆಯ ಕಾರು ಕಾರ್ಖಾನೆಗಳಲ್ಲಿ ಒಂದೊಂದು ಕಸುಬಿಗೆ ಒಂದೊಂದು ಸಂಘ, ಒಂದು ಮುನಿಸಿಕೊಂಡರೆ ಎಲ್ಲ ಕೆಲಸವೂ ಬಂದ್. ಇಲ್ಲಿ ವ್ಯವಸ್ಥಾಪಕನಿಗೂ ಕಾರ್ಮಿಕನಿಗೂ ಒಂದೇ ಸಮವಸ್ತ್ರ, ಒಂದೇ ಕ್ಯಾಂಟೀನು. ನೋಡಲು ಚೆಂದವೇ. ಆದರೆ ಮನೆಮನೆಯಲ್ಲಿ ಕೆಲಸವಿಲ್ಲದವರಿರುವ ಊರು ಇಂಥ ಷರತ್ತಿಗೆ ಇಲ್ಲವೆನ್ನುವುದು ಹೇಗೆ?

‘ಉಳಿಸಿತು’ ಎಂಬುದಕ್ಕೂ ನನ್ನ ತಕರಾರಿದೆ. 1986ರಲ್ಲಿ ಮೊದಲ ಬ್ಲೂಬರ್ಡ್ ಹೊರಬಂದಾಗ ವೇರ್ ನದಿಯ ದಂಡೆಯಲ್ಲಿ ಇನ್ನೂ ಹಡಗು ಕಟ್ಟುತ್ತಿದ್ದರು. ಅದನ್ನು ಮುಚ್ಚುವ ತೀರ್ಮಾನವಾಗಿದ್ದು 1988ರಲ್ಲಿ, ಪಕ್ಕದ ವೇರ್‌ಮೌತ್ ಕಲ್ಲಿದ್ದಲು ಗಣಿ ನಿಂತಿದ್ದು 1993ರಲ್ಲಿ. ಗಣಿಯಿದ್ದ ಜಾಗದಲ್ಲಿ ಈಗ ಫುಟ್‌ಬಾಲ್ ಕ್ರೀಡಾಂಗಣವಿದೆ. ಹಡಗಿನ ವೆಲ್ಡರುಗಳನ್ನೆಲ್ಲ ನಿಸ್ಸಾನ್ ಕರೆದು ಕೂರಿಸಲಿಲ್ಲ. ಅದು ಹುಡುಕಿದ್ದು ಹಳೆಯ ಕಾರ್ಖಾನೆಗಳ ರೂಢಿ ಅಂಟದ ಯುವಕರನ್ನು.

ನಿಮ್ಮೂರಿನ ವಿಷಯ. ಗಿರಣಿ ಮುಚ್ಚಿದೆ ಎಂಬುದೊಂದೇ ಯಾರನ್ನೂ ಸೆಳೆಯದು. 1990ರ ದಶಕದ ಕೊನೆಗೆ ಟೊಯೊಟಾ ಕರ್ನಾಟಕಕ್ಕೆ ಬಂದಾಗ ಇಳಿದದ್ದು ಬಿಡದಿಯಲ್ಲಿ. ಅಲ್ಲಿ ಮುಚ್ಚಿದ ಗಿರಣಿಗಳಿರಲಿಲ್ಲ, ಬೆಂಗಳೂರು ಕೂಗಳತೆಯಲ್ಲಿತ್ತು. ದಾವಣಗೆರೆಯಿಂದ ಕಾರು ಹಡಗಿಗೇರಬೇಕಾದರೆ ಘಟ್ಟ ಇಳಿಯಬೇಕು.

– ಸಂ.