ನನಗೆ 35. ಸ್ಕ್ಯಾನಿನಲ್ಲಿ ಫಾಲಿಕಲ್ (ಅಂಡಾಶಯದಲ್ಲಿ ಮೊಟ್ಟೆ ಬೆಳೆಯುವ ಪುಟ್ಟ ಚೀಲ) ಆರೇ ಕಂಡಿವೆ. ಮೂರು ತಿಂಗಳು ಬಿಟ್ಟು ಇನ್ನೊಮ್ಮೆ ಸ್ಕ್ಯಾನ್ ಮಾಡಿಸಿ, ನಂಬರ್ ಏರಿದರೆ ಐವಿಎಫ್‌ಗೆ ಹೋಗಲೇ?

ದಯವಿಟ್ಟು ಕಾಯಬೇಡಿ. ಇದೇ ಮಾತು ಹೇಳಿಕೊಂಡು ಹದಿನಾಲ್ಕು ತಿಂಗಳು ಕಳೆದವಳು ನಾನು.

ಆಗ ನನಗೆ 36. ಮುಟ್ಟಿನ ಎರಡನೇ ದಿನ, ಒಳಗಿನಿಂದ ಮಾಡುವ ಸ್ಕ್ಯಾನ್. ಬೂದು ಪರದೆಯ ಮೇಲೆ ಕಪ್ಪು ಚುಕ್ಕಿಗಳು. ಡಾಕ್ಟರು ಒಂದೊಂದಕ್ಕೂ ಗುರುತು ಹಾಕಿ ಅಳೆಯುತ್ತಾ "ಬಲಕ್ಕೆ ಮೂರು, ಎಡಕ್ಕೆ ಎರಡು" ಅಂದರು. ಆ ಐದನ್ನು ನಾನು ಪರೀಕ್ಷೆಯ ಮಾರ್ಕ್ಸ್ ಅಂದುಕೊಂಡೆ, ಮತ್ತೆ ಕೂತರೆ ಜಾಸ್ತಿ ಬರುತ್ತೆ ಅಂತ.

ನನ್ನ ತಪ್ಪು ಶುರುವಾಗಿದ್ದೇ ಇಲ್ಲಿ, ಸ್ವಲ್ಪ ಬಿಡಿಸಿ ಹೇಳುತ್ತೇನೆ. ಮುಂದಿನ ಸ್ಕ್ಯಾನಿನಲ್ಲಿ ಏಳು ಬಂತು, ಹಿಗ್ಗಿದೆ. ಆಮೇಲೆ ನಾಲ್ಕು, ಎರಡು ದಿನ ಊಟ ಸೇರಲಿಲ್ಲ. ಬೇರೆ ಕಡೆ ಹೋದೆ, ಆರು. ಎಣಿಸುವುದು 2ರಿಂದ 10 ಮಿಲಿಮೀಟರಿನ ಪುಟ್ಟ ಫಾಲಿಕಲ್‌ಗಳನ್ನು. ತಿಂಗಳಿಂದ ತಿಂಗಳಿಗೆ, ನೋಡುವವರಿಂದ ನೋಡುವವರಿಗೆ ಒಂದೆರಡು ಆಚೀಚೆ ಆಗಿಯೇ ಆಗುತ್ತದೆ. (ಗರ್ಭನಿರೋಧಕ ಮಾತ್ರೆ ತಗೊಳ್ಳುತ್ತಿದ್ದರೂ ಕಡಿಮೆ ಕಾಣುತ್ತದೆ, ಡಾಕ್ಟರಿಗೆ ತಿಳಿಸಿ.) ಏಳು ಬಂದಾಗ ನನ್ನ ಅಂಡಾಶಯವೇನೂ ಚಿಗುರಿರಲಿಲ್ಲ, ನಾಲ್ಕು ಬಂದಾಗ ಬತ್ತಿರಲೂ ಇಲ್ಲ. ಅಷ್ಟರಲ್ಲಿ ವಯಸ್ಸು ಮಾತ್ರ ತನ್ನ ಪಾಡಿಗೆ ಏರುತ್ತಿತ್ತು.

ಐವಿಎಫ್‌ಗಾಗಿ ಮೊಟ್ಟೆ ಬೆಳೆಸುವ ಇಂಜೆಕ್ಷನ್ ಕೊಟ್ಟರೆ ಎಷ್ಟು ಮೊಟ್ಟೆ ಸಿಗಬಹುದು, ಡೋಸ್ ಎಷ್ಟಿರಬೇಕು ಅನ್ನುವುದಕ್ಕೆ ಆ ಎಣಿಕೆ ಬೇಕು. ತೀರಾ ಹೆಚ್ಚಿದ್ದರೆ ಅಂಡಾಶಯ ಊದಿಕೊಳ್ಳುವ ಅಪಾಯ ಅಂತಲೂ ಗೊತ್ತಾಗುತ್ತದೆ. ಐವಿಎಫ್‌ನಲ್ಲಿ ಯಾರಿಗೆ ಮೊಟ್ಟೆ ಕಡಿಮೆ ಸಿಗಬಹುದೆಂದು ಗುರುತಿಸಲು ತಜ್ಞರು ಮಾಡಿದ 2011ರ ಬೊಲೊನ್ಯಾ ಮಾನದಂಡದಲ್ಲೂ ಕಡಿಮೆ ಎಣಿಕೆ ಎಂದರೆ ಕಡಿಮೆ ಮೊಟ್ಟೆ ಸಿಗುವ ಸೂಚನೆ, ಅಷ್ಟೇ. ಮೊಟ್ಟೆಯ ಗುಣ ಸ್ಕ್ಯಾನಿಗೆ ಕಾಣುವುದಿಲ್ಲ. ಮಗು ಆದೀತೇ ಎಂಬುದಕ್ಕೆ ಈ ನಂಬರಿಗಿಂತ ವಯಸ್ಸೇ ದೊಡ್ಡ ಸುಳಿವು. ಇದನ್ನು ಮೊದಲ ದಿನವೇ ಡಾಕ್ಟರು ಹೇಳಿದ್ದರು. ನನ್ನ ಕಿವಿಗೆ ಬಿದ್ದದ್ದು "ಐದು" ಮಾತ್ರ.

ಕೊನೆಗೆ 37 ದಾಟಿದ ಮೇಲೆ ಶುರು ಮಾಡಿದೆ. ಆ ತಿಂಗಳೂ ಎಣಿಕೆ ಐದೇ! ನಾಲ್ಕು ಮೊಟ್ಟೆ ಸಿಕ್ಕವು, ಮೂರು ಬಲಿತಿದ್ದವು, ಭ್ರೂಣ ಆಗಿದ್ದು ಒಂದು. ಗರ್ಭ ನಿಲ್ಲಲಿಲ್ಲ. ಎರಡನೇ ಸಲ ಮೂರೇ ಮೊಟ್ಟೆ, ಗರ್ಭ ನಿಂತಿತು, ಮಗಳು ಹುಟ್ಟಿದಳು. ಮಗಳಿಗೊಂದು ಜೊತೆ ಬೇಕೆಂದು ಮತ್ತೆ ಹೋದಾಗ ನನಗೆ 40 ಆಗಿತ್ತು. ಎರಡು ಸಲವೂ ಭ್ರೂಣದವರೆಗೆ ಬರಲೇ ಇಲ್ಲ. ಆ ಹದಿನಾಲ್ಕು ತಿಂಗಳು ಅಂದಿನಿಂದ ನನ್ನನ್ನು ಬಿಟ್ಟಿಲ್ಲ.

ನಿಮಗೆ 35 ಅಂತ ಬರೆದಿದ್ದೀರಿ. ಇರುವ ಸ್ಕ್ಯಾನ್ ರಿಪೋರ್ಟ್, ಎಎಂಎಚ್ (ಅಂಡಾಶಯದಲ್ಲಿ ಮೊಟ್ಟೆ ಎಷ್ಟು ಉಳಿದಿರಬಹುದೆಂದು ತಿಳಿಸುವ ರಕ್ತಪರೀಕ್ಷೆ) ರಿಪೋರ್ಟ್ ಎರಡನ್ನೂ ತಗೊಂಡು ಈ ವಾರವೇ ಹೋಗಿ. "ನನಗೆ ಎಷ್ಟು ಮೊಟ್ಟೆ ಸಿಗಬಹುದು, ಬರುವ ಮುಟ್ಟಿಗೇ ಶುರು ಮಾಡಬಹುದಾ" ಅಂತ ಕೇಳಿ.